ಬಾವಿಯ ಸೋಮವಾರ

ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಪಾಲಾಯಿತು, ಮನೆ ಪಾಲಾಯಿತು, ದನಗಳು ಪಾಲಾದವು. ಅಟ್ಟದ ಮೇಲಿದ್ದ ತಾಮ್ರದ ಹಂಡೆಗಾಗಿ ನೆಗೆಣ್ಣಿಯರಿಬ್ಬರ ನಡುವೆ ಮಾತು ನಿಂತು, ಕೊನೆಗೆ ಹಂಡೆ ಹಿರಿಯಳಿಗೂ ಅದರ ಮುಚ್ಚಳ ಕಿರಿಯಳಿಗೂ ಹೋಯಿತು. ಬರೀ ಮುಚ್ಚಳ ಇಟ್ಟುಕೊಂಡು ಕಿರಿಯಳು ಏನು ಮಾಡಿದಳೋ, ಪಾಲು ಹಂಚಿದ ಹಿರಿಯರನ್ನೇ ಕೇಳಬೇಕು. ಬಾವಿಯೊಂದನ್ನು ಮಾತ್ರ ಕತ್ತರಿಸಲು ಬರಲಿಲ್ಲ. ಅದಕ್ಕೆ ಬಾವಿಯನ್ನು ಬಿಟ್ಟು ವಾರವನ್ನು ಕತ್ತರಿಸಿದರು.

ಮಂಗಳವಾರ, ಗುರುವಾರ, ಶನಿವಾರ ತಮ್ಮ ಗುರಪ್ಪನ ಪಾಳಿ. ಬುಧವಾರ, ಶುಕ್ರವಾರ, ರವಿವಾರ ಅಣ್ಣ ಮುರಗೆಪ್ಪನ ಪಾಳಿ. ಸೋಮವಾರ ಯಾರದೂ ಅಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಆ ತೋಟದ ಬಾವಿಯಿಂದ ಇನ್ನೂ ಎತ್ತುಗಳೇ ಕಪಲಿ ಎಳೆದು ತೊಗಲಿನ ಚೀಲದಲ್ಲಿ ನೀರು ಎತ್ತುತ್ತಿದ್ದವು. ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವವರು ತೆಲಸಂಗದಿಂದ ಐಗಳಿಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಎತ್ತು ಕಟ್ಟದ ದಿನದ ಪಾಳಿಯನ್ನು ಹಂಚಿಕೊಂಡು ಮಾಡುವುದೇನಿದೆ ಎಂದು ಹಿರಿಯರು ಅದನ್ನು ಹಾಗೇ ಬಿಟ್ಟಿದ್ದರು.

ಕೆಲವು ವರ್ಷಗಳಲ್ಲಿ ತೋಟದಲ್ಲೇ ಮನೆ ಮಾಡಿಕೊಂಡವರ ಆ ವಸ್ತಿಗೆ ಕರೆಂಟಿನ ಕಂಬ ಬಂದವು. ಅಣ್ಣತಮ್ಮ ಕೂಡಿ ಒಂದು ಮೋಟರು ಕೂರಿಸಿದರು. ಎತ್ತು, ಕಪಲಿ, ತೊಗಲಿನ ಚೀಲ ಎಲ್ಲ ಮೂಲೆ ಸೇರಿದವು. ಮೊದಲ ಸೋಮವಾರ ಬಂದಾಗ ಮುದಿ ತಾಯಿ ಸತ್ತೆವ್ವ ಕಟ್ಟೆಯ ಮೇಲೆ ಕೂತು, "ಇವತ್ತ ಬಿಡ್ರೆಪಾ, ಸೋಮಾರ ಐತಿ" ಎಂದಳು.

"ಬೇ ಯವ್ವಾ, ಮೋಟರಿಗೆ ಕೋಡ ಅದಾವೇನು, ಬಾಲ ಐತೇನು? ಅದಕ್ಯಾವ ಬಸವಣ್ಣ?" ಎಂದ ಗುರಪ್ಪ.

ಅಲ್ಲಿದ್ದವರೆಲ್ಲ ನಕ್ಕರು. ಮುರಗೆಪ್ಪ ನಕ್ಕ, ಅವನ ಹೆಂಡತಿ ಚನ್ನವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸತ್ತೆವ್ವ ಒಬ್ಬಳೇ ನಗಲಿಲ್ಲ. "ಬಿಡಬೇಕು ಅಂದ್ರ ಬಿಡಬೇಕು" ಎಂದಷ್ಟೇ ಹೇಳಿದಳು. ಯಾಕೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಒಂದು ಸೋಮವಾರ ಅಣ್ಣನಿಗೆ, ಮುಂದಿನ ಸೋಮವಾರ ತಮ್ಮನಿಗೆ ಎಂದು ಮಾತಾಯಿತು. ಮುದುಕಿ ಹೋದ ಮೇಲೆ ಸೋಮವಾರದ ಹೆಸರು ಎತ್ತುವವರೂ ಉಳಿಯಲಿಲ್ಲ.

ಈ ಸೀಮೆಗೆ ಮಳೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮುಂಗಾರು ಮೋಡಗಳು ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಇದ್ದಬದ್ದದ್ದೆಲ್ಲ ಸುರಿದು, ಅಥಣಿ ದಾಟುವಾಗ ಬರಿಗೈಲಿ ಹೋಗುತ್ತವೆ. ಇಲ್ಲಿಯವರು ನಂಬಿದ್ದು ಸೆಪ್ಟೆಂಬರಿನ ಉತ್ತರಿ ಮಳೆಯನ್ನು. ಹಿಂದೆ ಉತ್ತರಿ ಹಿಡಿಯಿತೆಂದರೆ ದಿನಗಟ್ಟಲೆ ಬಿಡುತ್ತಿರಲಿಲ್ಲ, ಜಿಟಿಜಿಟಿ ಸುರಿದು ನೆಲಕ್ಕೆ ಹೊಟ್ಟೆ ತುಂಬ ಕುಡಿಸಿಯೇ ಹೋಗುತ್ತಿತ್ತು. ಈಚೆಗೆ ಅದರ ಗುಣ ಕೆಟ್ಟಿತ್ತು. ಬರುವ ಹೊತ್ತಿಗೆ ಬರುವುದಿಲ್ಲ. ಬಂದರೆ ಜಗಳ ತೆಗೆಯಲು ಬಂದವರ ಹಾಗೆ ಒಂದೇ ಮಧ್ಯಾಹ್ನ ಧೋ ಎಂದು ಸುರಿದು, ಒಡ್ಡು ಒಡೆದು, ಹಳ್ಳ ತುಂಬಿಸಿ ಹೊರಟುಬಿಡುವುದು. ನೆಲದೊಳಗೆ ಇಳಿಯಲು ನೀರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಹೋಳಿ ಹಬ್ಬಕ್ಕೆ ಮೊದಲೇ ಬೆನ್ನು ಸುಡುವ ಬಿಸಿಲು. ಇಷ್ಟರ ಮೇಲೆ ಊರಿಗೆ ಊರೇ ದ್ರಾಕ್ಷಿ ಬಳ್ಳಿ ಹಚ್ಚಿ ಕೂತಿತ್ತು.

ತೊಂಬತ್ತರ ದಶಕ ಅರ್ಧ ಕಳೆದ ಒಂದು ಏಪ್ರಿಲ್. ಚನ್ನವ್ವನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಗಂಡು ಕೂಸು. ಬಾಣಂತಿ ಇರುವ ಮನೆಗೆ ಎಷ್ಟು ನೀರು ಬೇಕೆಂದು ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ. ತಾಯಿಗೆ ಎರೆಯಬೇಕು, ಕೂಸಿಗೆ ಎರೆಯಬೇಕು, ಬಟ್ಟೆ ಹಿಂಡಬೇಕು. ಇತ್ತ ದ್ರಾಕ್ಷಿಗೆ ಏಪ್ರಿಲ್ ಚಾಟ್ನಿ, ಬಳ್ಳಿ ಸವರುವ ಕೆಲಸ, ಮುಗಿದು, ಕತ್ತರಿಸಿದ ಬಳ್ಳಿಯೆಲ್ಲ ಹೊಸ ಚಿಗುರು ಬಿಡುವ ಹೊತ್ತು. ಈಗ ನೀರು ತಪ್ಪಿದರೆ ಮುಂದಿನ ವರ್ಷದ ಗೊನೆ ಕಡ್ಡಿಯಲ್ಲೇ ಸಾಯುತ್ತದೆ. ಹೀಗಾಗಿ ವಾರದ ಎಲ್ಲ ದಿನವೂ, ಕರೆಂಟು ಬಂದ ಗಳಿಗೆಯಿಂದ ಹೋಗುವ ಗಳಿಗೆಯವರೆಗೆ, ಮೋಟರು ಬಾವಿಯ ತಳ ಕೆರೆಯುತ್ತಿತ್ತು. ಹಗ್ಗ ಬಿಟ್ಟರೆ ಕೊಡದ ತುಂಬ ಕೆಸರು. ಅದು ತಿಳಿಯಾಗಲೆಂದು ಕಾದು, ಬಟ್ಟೆಯಲ್ಲಿ ಸೋಸಿ, ಅರ್ಧ ಕೊಡ ನೀರು ಮಾಡುವಷ್ಟರಲ್ಲಿ ಕೂಸು ಅತ್ತು ಅತ್ತು ನಿದ್ದೆ ಹೋಗುತ್ತಿತ್ತು.

ಅಷ್ಟರಲ್ಲಿ ವಸ್ತಿಯ ಟಿ.ಸಿ. ಸುಟ್ಟಿತು. ಕಂಬದ ಮೇಲಿನ ಆ ಟ್ರಾನ್ಸ್‌ಫಾರ್ಮರ್ ಡಬ್ಬಿ ಸುಟ್ಟರೆ ಬೇರೆಯದು ಬಂದು ಕೂರುವವರೆಗೆ ಮೋಟರೆಲ್ಲ ಗಪ್‌ಚಿಪ್. ಗಂಡಸರು ಅರ್ಜಿ ಹಿಡಿದು ಅಥಣಿಗೆ ಓಡಾಡಿದರು, ಗುರಪ್ಪ ಬಳ್ಳಿ ನೋಡಿ ನೋಡಿ ಊಟ ಬಿಟ್ಟ. ಎರಡನೆಯ ದಿನ ನಸುಕಿನಲ್ಲಿ ಚನ್ನವ್ವ ಬಾವಿಗೆ ಬಂದು ಬಗ್ಗಿ ನೋಡಿದವಳು ಹಾಗೇ ನಿಂತಳು.

ಬಾವಿಯ ಒಳಗೋಡೆಯಲ್ಲಿ, ಕೆಳಗೆ, ಯಾವ ಕಾಲದಲ್ಲೋ ಕಟ್ಟಿದವರು ಒಂದು ಬಸವಣ್ಣನ ಕಲ್ಲು ಕೂರಿಸಿದ್ದರು. ಕುಳಿತ ಎತ್ತು, ಮುಂಗಾಲು ಮಡಚಿಕೊಂಡದ್ದು. ಅವಳು ಹೊಸ ಸೊಸೆಯಾಗಿ ಬಂದಾಗ ಬೇಸಿಗೆಯಲ್ಲೂ ನೀರು ಅದರ ಗೊರಸಿಗೆ ತಾಗಿರುತ್ತಿತ್ತು. ಎಷ್ಟೋ ವರ್ಷದಿಂದ ಒಣಗಿ ಬೂದುಬಣ್ಣಕ್ಕೆ ತಿರುಗಿದ್ದ ಆ ಗೊರಸಿಗೆ ಇವತ್ತು ನೀರು ತಾಗಿತ್ತು. ಹಗ್ಗ ಬಿಟ್ಟು ಕೊಡ ಎತ್ತಿದಳು. ತಳ ಕಾಣುವಷ್ಟು ತಿಳಿ.

ಸೆಲೆ ಸತ್ತಿಲ್ಲ, ಅದಕ್ಕೆ ಉಸಿರು ತೆಗೆದುಕೊಳ್ಳಲು ಬಿಟ್ಟವರಿಲ್ಲ, ಅಷ್ಟೇ. ಚನ್ನವ್ವನಿಗೆ ಅತ್ತೆಯ ಸೋಮವಾರ ನೆನಪಾಯಿತು. ರವಿವಾರ ಸಂಜೆ ಎತ್ತು ಬಿಚ್ಚಿದರೆ ಮಂಗಳವಾರ ನಸುಕಿಗೇ ಮತ್ತೆ ಹೂಡುತ್ತಿದ್ದುದು. ನಡುವೆ ಒಂದು ಹಗಲು, ಎರಡು ರಾತ್ರಿ ಬಾವಿಯನ್ನು ಕೆಣಕುವವರೇ ಇಲ್ಲ. ಎಲ್ಲರೂ ರಜೆ ಎತ್ತಿಗೆ ಎಂದುಕೊಂಡಿದ್ದರು. ಎತ್ತು ಹೋದ ಮೇಲೆ ರಜೆಯನ್ನೂ ತೆಗೆದುಹಾಕಿದರು. ಬಾವಿಯೂ ಅವತ್ತೇ ಮಲಗಿ ಏಳುತ್ತಿತ್ತು ಎನ್ನುವುದು ಯಾರ ತಲೆಗೂ ಹೋಗಿರಲಿಲ್ಲ. ತಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಶನಿವಾರ ಹೊಸ ಟಿ.ಸಿ. ಬಂತು. ಗುರಪ್ಪನ ಪಾಳಿ. ಸಂಜೆಯ ಹೊತ್ತಿಗೆ ಬಸವಣ್ಣನ ಕಲ್ಲಿನ ಕೆಳಗೆ ಕೆಸರು ಪಳಪಳ ಹೊಳೆಯುತ್ತಿತ್ತು.

ರವಿವಾರ ಊಟಕ್ಕೆ ಕೂತ ಗಂಡನ ಮುಂದೆ ಚನ್ನವ್ವ ರೊಟ್ಟಿಯ ಜೊತೆ ಮಾತನ್ನೂ ಬಡಿಸಿದಳು. "ನಾಳೆ ಸೋಮಾರ ನಮ್ಮದ ಐತಿ. ಮೋಟರ ಹಚ್ಚಬ್ಯಾಡ್ರಿ."

"ಯಾಕ, ಮತ್ತ ಟಿ.ಸಿ. ಸುಟ್ಟತೇನು?"

"ಬಾವಿ ಒಂದ ದಿನ ಬಿಡ್ರಿ. ನೀರ ಏರತಾವ. ಮಂದಿ ಕುಡ್ಯಾಕ ತುಂಬಕೋತಾರ."

ಮುರಗೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮಂಗಳಾರ ಯಾರ ಪಾಳಿ? ಗುರಪ್ಪಂದು. ನಾವು ಬಿಟ್ಟ ನೀರೆಲ್ಲ ಅವನ ಬಳ್ಳಿಗೆ ಹೋಗತಾವ. ನಿನಗ ಮೈದುನನ ಮ್ಯಾಲ ಇಷ್ಟ ಮಾಯೆ ಯಾವಾಗಿಂದ ಬಂತ ಚನ್ನವ್ವಾ?"

"ಹೋದ್ರ ಹೋಗಲಿ. ನಿಮ್ಮ ಮೊಮ್ಮಗ ಎರಡ ದಿನದಿಂದ ಮೈ ತೊಳದಿಲ್ಲ."

ಮೊಮ್ಮಗನ ಮಾತು ಬಂದ ಮೇಲೆ ಮುರಗೆಪ್ಪ ಎಲೆಯಡಿಕೆ ಚೀಲ ಹುಡುಕುತ್ತ ಎದ್ದುಹೋದ. ಅವನು ಒಪ್ಪಿಕೊಳ್ಳುವ ರೀತಿಯೇ ಹಾಗೆ.

ಸೋಮವಾರ ಮೋಟರು ಸುಮ್ಮನಿತ್ತು. ವಸ್ತಿಯ ಹೆಂಗಸರು ಮೊದಲು ನಂಬಲಿಲ್ಲ. ಆಮೇಲೆ ಮನೆಯಲ್ಲಿದ್ದ ಕೊಡ, ಹಂಡೆ, ಬಕೀಟು ಎಲ್ಲ ಬಾವಿಗೆ ಬಂದವು. ಕಲ್ಲುಗಂಬದ ಗಾಲಿ ಕಿರ್ರೆಂದು ತಿರುಗತೊಡಗಿತು. ಚನ್ನವ್ವ ಮನಸ್ಸಿನಲ್ಲೇ ಹಿಗ್ಗಿದಳು. ಆ ಹೊತ್ತಿಗೆ ಸೋನಾಬಾಯಿ ಬಂದಳು.

ಸೋನಾಬಾಯಿಯದು ಹಳ್ಳದ ದಂಡೆಯ, ಬಾಬಾಸಾಹೇಬರ ಹಾದಿ ಹಿಡಿದ ಬೌದ್ಧರ ಮನೆಗಳಲ್ಲಿ ಒಂದು. ಗಂಡಹೆಂಡತಿ ಇಬ್ಬರೂ ಈ ಅಣ್ಣತಮ್ಮಂದಿರ ತೋಟದಲ್ಲೇ ಕೆಲಸಕ್ಕಿದ್ದರು. ಚಾಟ್ನಿ ಮಾಡುವ ಹೆಂಗಸರ ಟೋಳಿಗೆ ಅವಳೇ ಮುಂದಾಳು. ಅವರ ಓಣಿಯ ಬೋರಿಂಗಿನಲ್ಲಿ ಬರುವುದು ಸವಳು ನೀರು, ಬೇಳೆ ಬೇಯದು. ಅವರ ಹಗ್ಗ ಬಾವಿಗೆ ಇಳಿಯುವ ಹಾಗಿರಲಿಲ್ಲ, ಕುಡಿಯುವ ನೀರಿಗೆ ಅವಳು ಬಾವಿಯ ಪಕ್ಕದ ತೊಟ್ಟಿಗೆ ಬರುತ್ತಿದ್ದಳು, ಮೋಟರಿನ ಪೈಪು ಬಂದು ಸುರಿಯುವ ಜಾಗಕ್ಕೆ. ಪೈಪಿನ ನೀರಿಗೆ ಯಾರು ಯಾರೆಂದು ಕೇಳುವ ಚಟವಿಲ್ಲ. ಕೊಡ ಒಡ್ಡಿದವರಿಗೆಲ್ಲ ಅದು ಸುರಿಯುತ್ತಿತ್ತು. ಇವತ್ತು ತೊಟ್ಟಿ ಒಣಗಿತ್ತು.

"ಮೋಟರ ಕೆಟ್ಟೈತೇನ್ರಿ ಅಕ್ಕಾರ?"

"ಇಲ್ಲ ಸೋನಾ, ನಾನ ಬಿಡಿಸೇನಿ. ಬಾ, ಕೊಡ ಇಡು. ನಾ ಸೇದಿ ಹಾಕತೀನಿ."

ಸೋನಾಬಾಯಿ ಕೊಡ ಕೆಳಗಿಡಲಿಲ್ಲ. ಬಾವಿಯನ್ನೊಮ್ಮೆ, ಚನ್ನವ್ವನ ಕೈಯಲ್ಲಿದ್ದ ಹಗ್ಗವನ್ನೊಮ್ಮೆ ನೋಡಿದಳು. "ನಮ್ಮತ್ತಿ ಈ ಕಟ್ಟಿ ಕೆಳಗ ಕೂತ ಕೂತ ಮುದುಕಿ ಆಗಿದ್ಲರಿ. ಯಾರರ ಬಂದ ಎರಡ ಕೊಡ ಹಾಕಲಿ ಅಂತ. ಮೋಟರ ಬಂದಾಗಿಂದ ನಾ ಯಾರ ಕೈ ಕಾಯ್ದಿಲ್ಲ."

"ನಾ ಹಾಕತೀನಿ ಅನ್ನಾಕತ್ತೇನಲ್ಲ, ಕಾಯೂದೇನ ಬಂತು?"

"ಹ್ವಾದ ವರ್ಷ ಹೂಳ ತಗ್ಯಾಕ ನನ್ನ ಗಂಡ, ನಾನು ತಳಕ್ಕ ಇಳದಿದ್ವಿ. ಟೊಂಕದ ಮಟ ರಾಡ್ಯಾಗ ನಿಂತಿದ್ವಿ. ಅವತ್ತ ಬಾವಿಗಿ ಏನೂ ಆಗಲಿಲ್ಲ. ಇವತ್ತ ನನ್ನ ಹಗ್ಗ ಇಳದ್ರ ಆಗತೈತೇನ್ರಿ?"

ಗಾಲಿಯ ಸದ್ದು ನಿಂತಿತ್ತು. ಸೋನಾಬಾಯಿ ಖಾಲಿ ಕೊಡಗಳನ್ನು ಹೊತ್ತು ಸವಳು ನೀರಿನ ಕಡೆಗೆ ನಡೆದಳು.

ಚನ್ನವ್ವನಿಗೆ ಮೊದಲು ಬಂದದ್ದು ಸಿಟ್ಟೇ. ಎಷ್ಟು ಸೊಕ್ಕು ಇವಳಿಗೆ, ಒಳ್ಳೆಯದು ಮಾಡಲು ಹೋದರೆ ಹೀಗೆ ಎಂದು ಕೊಡಗಳನ್ನು ದಬದಬ ಇಳಿಸಿದಳು. ಕೂಸಿಗೆ ಎರೆದಳು, ಬಾಣಂತಿಗೆ ಎರೆದಳು. ಮಧ್ಯಾಹ್ನ ಒಂದು ಗಳಿಗೆ ಅಡ್ಡಾದಾಗ ಸಿಟ್ಟು ಇಳಿಯಿತು, ಮಾತು ಇಳಿಯಲಿಲ್ಲ. ಟೊಂಕದ ಮಟ್ಟ ರಾಡಿಯಲ್ಲಿ ನಿಂತ ಸೋನಾಬಾಯಿಗೆ ಅವತ್ತು ಮೇಲಿನಿಂದ ಬುಟ್ಟಿ ಬಿಟ್ಟವಳು ತಾನೇ. ಹೂಳೆತ್ತಿ ಮೇಲೆ ಬಂದವಳಿಗೆ ತಾಗದ ಹಾಗೆ ಎತ್ತರದಿಂದ ನೀರು ಹೊಯ್ದವಳೂ ತಾನೇ. ಆಗ ಏನೂ ಅನ್ನಿಸಿರಲಿಲ್ಲ. ಈಗ ನಾಚಿಕೆಯಾಯಿತು.

ಮಾರನೆಯ ದಿನ ಗುರಪ್ಪ ಮೋಟರು ಹಚ್ಚಿದ. ಒಂದು ದಿನ ನಿಂತು ತುಂಬಿದ ನೀರು, ಪೈಪಿನ ಬಾಯಿ ತುಂಬಿ ಬಂತು. ದಿನಾ ಸಣ್ಣಗೆ ಬರುವ ನೀರನ್ನು ಮಣ್ಣಿನ ಕಾಲುವೆಯೇ ಕುಡಿದು, ಉಳಿದದ್ದು ಮೊದಲ ನಾಲ್ಕು ಸಾಲಿಗೇ ಸುಸ್ತಾಗುತ್ತಿತ್ತು. ಅವತ್ತು ಅದು ಎಲ್ಲಿಯೂ ನಿಲ್ಲದೆ ಕೊನೆಯ ಸಾಲಿನ ಕೊನೆಯ ಬಳ್ಳಿಯ ಬುಡಕ್ಕೆ ಹೋಗಿ ನಿಂತಿತು. ಗುರಪ್ಪ ಗುದ್ದಲಿ ಹೆಗಲಿಗೇರಿಸಿ ಊರಿಗೆಲ್ಲ ಹೇಳಿಕೊಂಡು ಬಂದ. ಅಣ್ಣನಿಗೆ ಹೊಟ್ಟೆ ಉರಿಯಿತು.

"ಹೇಳಿದ್ದಿಲ್ಲೇನ? ನಾ ಉಪಾಸ ಮಾಡಬೇಕು, ಅವ ಪಾರಣಿ ಮಾಡಬೇಕು" ಎಂದು ಅವನು ಗೊಣಗಿದ. ಚನ್ನವ್ವ ಅದಕ್ಕೆ ಉತ್ತರ ಕೊಡದೆ ಮೈದುನನ ಮನೆಗೆ ನಡೆದಳು.

ಗುರಪ್ಪ ಚಹಾ ಕುಡಿಯುತ್ತ ಕೂತಿದ್ದವನು ಅತ್ತಿಗೆಯನ್ನು ಕಂಡು ಸರಿದು ಕೂತ. "ಬರ್ರಿ ವೈನಿ. ತುಳಸಾ, ವೈನಿಗೆ ಚಾ ಮಾಡು."

"ಚಾ ಬ್ಯಾಡ. ಬರೂ ಸೋಮಾರ ನಿಂದು. ಅವತ್ತ ಮೋಟರ ಹಚ್ಚಬ್ಯಾಡ."

"ಅಯ್ಯ ವೈನಿ, ಬಳ್ಳಿ ಚಿಗುರೂ ಹೊತ್ತು."

"ನೀರ ಕಡೀ ಸಾಲಿಗೆ ಹೋದವಿಲ್ಲೋ? ಸೋಮಾರ ಬಿಟ್ಟಿದ್ದಕ್ಕ ಹೋದವು."

ಗುರಪ್ಪ ಚಹಾದ ಬಸಿ ಕೆಳಗಿಟ್ಟ. ಅವನು ದಡ್ಡನಲ್ಲ, ಅದು ಅವನಿಗೂ ಹೊಳೆದಿತ್ತು. ಆದರೆ ಅವನ ತೊಡಕು ಬೇರೆ. "ನಾ ಬಿಡತೀನಿ ಅಂತ ತಿಳಕೋರಿ. ನಾ ಮನ್ಯಾಗ ಕೂತಾಗ ನಮ್ಮ ಅಣ್ಣ ಸಪ್ಪಳಿಲ್ಲದ ಹೋಗಿ ಬಟನ್ ಒತ್ತಿದ್ರ? ಅವನ್ನ ನಾ ನಂಬೂದಿಲ್ಲ ವೈನಿ. ನಿಮ್ಮ ಗಂಡ ಅಂತ ಹೇಳೂದಲ್ಲ, ನನ್ನ ಅಣ್ಣ ಅಂತ ಹೇಳಾಕತ್ತೇನಿ."

ಚನ್ನವ್ವನಿಗೆ ನಗು ಬರುವಂತಿತ್ತು, ಗಂಡನನ್ನು ಅವಳೂ ಬಲ್ಲಳು. ಒಳಗಿನಿಂದ ಗುರಪ್ಪನ ಹೆಂಡತಿ ತುಳಸವ್ವ ಬಾಗಿಲಿಗೆ ಬಂದು ನಿಂತಿದ್ದಳು. ಕೆಸರು ನೀರು ಸೋಸಿ ಸೋಸಿ ಬಣ್ಣಗೆಟ್ಟ ಬಟ್ಟೆ ಅವಳ ಹೆಗಲ ಮೇಲಿತ್ತು.

"ನೀ ಹಚ್ಚಬ್ಯಾಡ ಅಂದ್ರ ಹಚ್ಚಬ್ಯಾಡ" ಎಂದು ಚನ್ನವ್ವ ಎದ್ದಳು. ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ಅತ್ತೆಯೂ ಹೀಗೇ ಹೇಳುತ್ತಿದ್ದಳು.

ರವಿವಾರ ಹೊತ್ತು ಇಳಿಯುವಾಗ ಅವಳು ಹಳ್ಳದ ದಂಡೆಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಆ ಓಣಿಯ ಬಾಯಿಗೆ ನಿಂತು ಕೆಲಸದವರನ್ನು ಕೂಗಿದ್ದಾಳೆಯೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಸೋನಾಬಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಚಾಪೆ ಹಾಸಲು ಎದ್ದಳು. ಚನ್ನವ್ವ ಅದಕ್ಕೆ ಕಾಯದೆ ಕಟ್ಟೆಯ ಮೇಲೆ ಕೂತಳು.

"ನಾಳೆ ನಿನ್ನ ಹಗ್ಗ ತಗೊಂಡ ಬಾ."

"ಮಾಲಕ್ರು ಏನಂತಾರು?"

"ಏನರ ಅನ್ನಲಿ. ನಾ ನಿನ್ನ ಬಾಜೂಕ ನಿಂತಿರತೀನಿ."

ಸೋನಾಬಾಯಿ ಮೊರವನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ, ಲೆಕ್ಕಾಚಾರವಿತ್ತು. "ಬಾಜೂಕ ಬ್ಯಾಡ್ರಿ. ನನ್ನ ಹಿಂದ ನಿಲ್ಲತೀರೇನು? ನನ್ನ ಕೊಡ ಇಳದ ಮ್ಯಾಲ, ಅದ ನೀರಾಗ ನಿಮ್ಮ ಕೊಡ ಇಳೀಬೇಕು. ಅದನ್ನ ನಿಮ್ಮ ದೇವರ ಕ್ವಾಣಿಗೆ ಒಯ್ಯಬೇಕು. ಹಂಗಿದ್ರ ಬರತೀನಿ. ಬರೇ ನನ್ನ ಹಗ್ಗ ಬಿಡಿಸಿ, ನಾಳೆ ಬಾವಿಗೆ ಗೋಮೂತ್ರ ಹಾಕೂದಾದ್ರ ಬರೂದಿಲ್ಲ."

ಚನ್ನವ್ವ ನೆಲ ನೋಡಿದಳು. ದೇವರ ಕೋಣೆ, ಮಗಳ ಅತ್ತೆಮನೆಯವರು, ನಾಳೆ ವಸ್ತಿಯಲ್ಲಿ ಹುಟ್ಟುವ ಮಾತು, ಎಲ್ಲ ತಲೆಗೆ ಬಂದವು. ಭಯವಾಯಿತು. ಆದರೆ ಇಲ್ಲಿಯವರೆಗೆ ನಡೆದು ಬಂದಾಗಿತ್ತು, ಅರ್ಧ ಕೆಲಸ ಮಾಡಿ ಮನೆಗೆ ಹೋಗುವ ಸ್ವಭಾವ ಅವಳದಲ್ಲ.

"ನಿಲ್ಲತೀನಿ" ಎಂದಳು.

ಸೋಮವಾರ ಕರೆಂಟು ಬರುವ ಮೊದಲೇ ಸೋನಾಬಾಯಿ ಬಂದಳು. ಹೊಸ ಹಗ್ಗ ತಂದಿದ್ದಳು, ಬೆಳ್ಳಗಿತ್ತು. ಆಗಲೇ ಬಂದಿದ್ದ ಹೆಂಗಸರು ಅವಳು ಕಟ್ಟೆ ಏರಿದ್ದನ್ನು ಕಂಡು ಹಿಂದೆ ಸರಿದರು. ಒಬ್ಬಿಬ್ಬರು ಖಾಲಿ ಕೊಡ ಎತ್ತಿಕೊಂಡು ಹೊರಟೇ ಹೋದರು. ಸೋನಾಬಾಯಿ ಎಸೆದ ಹಗ್ಗ ಗಾಲಿಗೆ ಮೊದಲ ಸಲ ಕೂರಲಿಲ್ಲ. ಎರಡನೆಯ ಸಲ ಕೂತಿತು. ಕೊಡ ಇಳಿಯಿತು, ಬಸವಣ್ಣನ ಕಲ್ಲು ದಾಟಿ ತಳದ ನೀರಿನಲ್ಲಿ ಗುಳುಂ ಎಂದಿತು. ಚನ್ನವ್ವ ಅವಳ ಹಿಂದೆ ತನ್ನ ಕೊಡ ಹಿಡಿದು ನಿಂತಿದ್ದಳು.

ಆಗ ಗುರಪ್ಪ ಬಂದ. ಮೋಟರಿನ ಡಬ್ಬಿಯ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ ಬಂದವನ ಬೆರಳು ನಿಂತಿತು.

"ವೈನೀ! ಏನ ನಡಸೀರಿ ಇದು?"

"ನೀರ ಸೇದಾಕತ್ತೇವಿ."

"ಅಲ್ರಿ, ಈಕಿ... ಬಾವ್ಯಾಗ..."

"ಹ್ವಾದ ವರ್ಷ ನೀನ ಈಕಿನ್ನ ಕರಸಿ ಬಾವ್ಯಾಗ ಇಳಿಸಿದ್ದಿ. ಅವತ್ತ ಇಳದಾಕಿ ಇವತ್ತ ಮ್ಯಾಲ ನಿಂತಾಳ. ಅಷ್ಟ ಫರಕ."

ಗುರಪ್ಪ ಆ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿದ. "ಆತು, ಅದ ಬ್ಯಾರೆ ಮಾತು. ಇವತ್ತ ನನ್ನ ಪಾಳಿ. ಕರೆಂಟ ಬರೂ ಹೊತ್ತಾತು, ಸರೀರಿ."

"ನಿನ್ನ ಪಾಳಿ ನಾ ಕಸೀದಿಲ್ಲ. ಬಾವ್ಯಾಗ ಮಂದಿ ಹಗ್ಗ ಇದ್ದಾಗ ಮೋಟರ ಹಚ್ಚಾಕ ಮನಸ ಬಂದ್ರ ಹಚ್ಚು. ನಾ ಕೈ ಹಿಡಿಯೂದಿಲ್ಲ."

ಸೋನಾಬಾಯಿ ತನ್ನ ಕೊಡ ಎತ್ತಿ ಕಟ್ಟೆಯ ಮೇಲಿಟ್ಟಳು. ಚನ್ನವ್ವ ಅದೇ ಬಿಳಿ ಹಗ್ಗಕ್ಕೆ ತನ್ನ ಕೊಡದ ಕುತ್ತಿಗೆ ಬಿಗಿದು ಬಾವಿಗೆ ಬಿಟ್ಟಳು. ಅವಳ ಕೊಡ ಮೇಲೆ ಬರುವ ಹೊತ್ತಿಗೆ ಹಿಂದೆ ಬಳೆಯ ಸದ್ದಾಯಿತು. ತುಳಸವ್ವ ಬಂದು ಚನ್ನವ್ವನ ಹಿಂದೆ ನಿಂತಿದ್ದಳು, ಸೊಂಟದ ಮೇಲೆ ಕೊಡ. ಗಂಡನ ಕಡೆ ನೋಡಲೂ ಇಲ್ಲ.

"ತುಳಸಾ, ನೀನೂನಾ?" ಎಂದ ಗುರಪ್ಪ.

"ಅಕ್ಕಂದು ಆತಂದ್ರ ಮುಂದ ನಂದು" ಎಂದಳು ತುಳಸವ್ವ. ಹಂಡೆಯ ಮುಚ್ಚಳ ಪಾಲಾದ ದಿನದಿಂದ ಅವಳು ಚನ್ನವ್ವನನ್ನು ಅಕ್ಕ ಎಂದಿರಲಿಲ್ಲ.

ಕರೆಂಟು ಬಂತು. ಮೋಟರಿನ ಡಬ್ಬಿಯ ಮೇಲಿನ ಕೆಂಪು ದೀಪ ಹತ್ತಿತು. ಗುರಪ್ಪ ಡಬ್ಬಿ ತೆರೆದು ಅದರ ಮುಂದೆ ನಿಂತ. ಬಳ್ಳಿ ಚಿಗುರುವ ಹೊತ್ತು, ನಿಜ. ಆದರೆ ಹೆಂಡತಿ ಹಗ್ಗ ಹಿಡಿದಿದ್ದಾಳೆ, ಅದೂ ನಿಜ. ಅಷ್ಟರಲ್ಲಿ ಗಲಾಟೆ ಕೇಳಿ ಮುರಗೆಪ್ಪ ಎಲೆ ಅಗಿಯುತ್ತ ಬಂದ. ಅವನನ್ನು ಕಂಡದ್ದೇ ಗುರಪ್ಪ ಡಬ್ಬಿಯೊಳಗೆ ಕೈ ಹಾಕಿ ಮೂರೂ ಬಿಳಿ ಫ್ಯೂಜು ಕಿತ್ತು ಹೊರತೆಗೆದ. ಕೆಂಪು ದೀಪ ಆರಿತು.

"ತಗೋರಿ ವೈನಿ. ಸೋಮಾರ ಬಿಟ್ಟೆ. ಆದ್ರ ಇವು ನಿಮ್ಮ ಮನ್ಯಾಗ ಇರಬಾರದು. ಅಣ್ಣನ ಕೈಗೆ ಸಿಕ್ರ ನಂಬಿಕಿಲ್ಲ."

"ಲೇ ಗುರ್ಯಾ! ನಿನ್ನ ಮನ್ಯಾಗ ಇಟ್ರ ನನಗ ನಂಬಿಕಿ ಐತೇನಲೇ?" ಎಂದು ಮುರಗೆಪ್ಪ ಎಲೆ ಉಗಿದು ಮುಂದೆ ಬಂದ. ಇಬ್ಬರೂ ತಲೆ ನರೆತವರು, ಬಾವಿಯ ದಂಡೆಯಲ್ಲಿ ನಿಂತು ಗೋಲಿಗೆ ಜಗಳಾಡುವ ಹುಡುಗರಂತೆ ಶುರು ಮಾಡಿದರು. ಒಬ್ಬ ಕಳೆದ ವರ್ಷದ ಒಂದು ಶುಕ್ರವಾರದ ಕದ್ದ ನೀರಿನ ಮಾತು ತೆಗೆದರೆ, ಇನ್ನೊಬ್ಬ ಅದರ ಹಿಂದಿನ ವರ್ಷದ ಒಂದು ಗುರುವಾರ ತೆಗೆದ.

ಚನ್ನವ್ವ ನಡುವೆ ಹೋಗಿ ಗುರಪ್ಪನ ಕೈಯಿಂದ ಫ್ಯೂಜುಗಳನ್ನು ತೆಗೆದುಕೊಂಡಳು. ಕಟ್ಟೆಗೆ ಬಂದು ಸೋನಾಬಾಯಿಯ ಒದ್ದೆ ಕೈ ಒರೆಸಿ, ಅಂಗೈಯಲ್ಲಿ ಇಟ್ಟಳು.

"ಈಕಿಗೆ ಬಳ್ಳಿ ಇಲ್ಲ, ಪಾಳಿ ಇಲ್ಲ, ನೀರ ಬಿಟ್ರ ಈ ಬಾವ್ಯಾಗ ಬ್ಯಾರೆ ಆಸೆ ಇಲ್ಲ. ರವಿವಾರ ಸಂಜಿಗೆ ಫ್ಯೂಜು ಈಕಿ ಮನಿಗೆ ಹೋಗಬೇಕು. ಮಂಗಳಾರ ನಸಕಿನ್ಯಾಗ ತಿರಗಿ ಬರಬೇಕು."

ಅಣ್ಣತಮ್ಮಂದಿರ ಜಗಳ ಅಲ್ಲಿಗೇ ಮುಗಿಯಿತು. ಒಬ್ಬನ ಕೈಗೆ ಸಿಗಲಿಲ್ಲವೆಂದು ಇನ್ನೊಬ್ಬನಿಗೆ ಸಮಾಧಾನವಾಗಿತ್ತೋ ಏನೋ. ಸೋನಾಬಾಯಿ ಮಾತ್ರ ಅಂಗೈ ಮುಚ್ಚದೆ ನಿಂತಿದ್ದಳು.

"ಇಟ್ಟಕೋತೀನ್ರಿ" ಎಂದಳು ಕೊನೆಗೆ. "ಆದ್ರ ತಿರಗಿ ಬರಬೇಕು ಅನ್ನೂದು ಬ್ಯಾಡ. ನಾ ಹೊತ್ತ ತಂದ ಕೊಡೂದಿಲ್ಲ. ಯಾರ ಪಾಳಿ ಐತಿ, ಅವರ ನಮ್ಮ ಮನಿ ಬಾಗಲಿಗೆ ಬಂದ ಕೇಳಿ ಒಯ್ಯಬೇಕು."

ಗುರಪ್ಪ ಏನೋ ಅನ್ನಲು ಬಾಯಿ ತೆರೆದ. ತುಳಸವ್ವ ಕೊಡವನ್ನು ಕಟ್ಟೆಯ ಮೇಲೆ ಠಣ್ ಎಂದು ಇಟ್ಟಳು. ಅವನು ಬಾಯಿ ಮುಚ್ಚಿದ.

ಆ ಸಂಜೆ ಚನ್ನವ್ವನ ದೇವರ ಕೋಣೆಗೆ ಬಿಳಿ ಹಗ್ಗದಿಂದ ಸೇದಿದ ನೀರೇ ಹೋಯಿತು. ಗೊತ್ತಿದ್ದೂ ಮುರಗೆಪ್ಪ ಕೈಮುಗಿದು ವಿಭೂತಿ ಹಚ್ಚಿಕೊಂಡ, ಯಾವ ನೀರೆಂದು ಕೇಳಲಿಲ್ಲ. ವಸ್ತಿಯಲ್ಲಿ ಎರಡು ಮನೆಯವರು ಆ ಬಾವಿಗೆ ಬರುವುದನ್ನು ಬಿಟ್ಟರು. ಚನ್ನವ್ವ ಅವರ ಮನೆಗೆ ಹೋಗಿ ಬೇಡಿಕೊಳ್ಳಲಿಲ್ಲ, ಜಗಳವನ್ನೂ ಆಡಲಿಲ್ಲ.

ಮಂಗಳವಾರ ನಸುಕಿನಲ್ಲಿ ಅವಳು ಸೆಗಣಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟಳು. ತಿಪ್ಪೆ ಇದ್ದದ್ದು ಹಿತ್ತಲಲ್ಲಿ. ಆದರೆ ಅವತ್ತು ಅವಳಿಗೆ ಹಳ್ಳದ ದಂಡೆಯ ಹಳೆಯ ತಿಪ್ಪೆಯೇ ಬೇಕಾಗಿತ್ತು. ದಾರಿಯಲ್ಲಿ ಬಾವಿಗೆ ಬಗ್ಗಿ ನೋಡಿದಳು. ಇಡೀ ವಸ್ತಿ ಸೇದಿದ ಮೇಲೂ ನೀರು ಏರಿ, ಬಸವಣ್ಣನ ಗೊರಸಿಗೆ ಒಂದು ಗೇಣು ಕೆಳಗೆ ನಿಂತಿತ್ತು. ತಾಗುವುದಕ್ಕೆ ಇನ್ನೊಂದೆರಡು ಸೋಮವಾರ ಬೇಕು.

ಸೋನಾಬಾಯಿಯ ಮನೆ ಮುಂದೆ ಗುರಪ್ಪ ನಿಂತಿದ್ದ. ಹೊಸ್ತಿಲಿಂದ ದೂರ, ಬೇವಿನ ಗಿಡಕ್ಕೆ ಒರಗಿ. ಚನ್ನವ್ವ ನಡಿಗೆ ಸಣ್ಣ ಮಾಡಿದಳು.

"ಸೋನಾಬಾಯಿ, ಫ್ಯೂಜು" ಎಂದ ಅವನು. ಹೆಸರಿನ ತುದಿಗೆ 'ಬಾಯಿ' ಎಂದು ಸೇರಿಸಿ ಅವಳನ್ನು ಅವನು ಕರೆದದ್ದು ಅದೇ ಮೊದಲು.

"ತಡೀರಿ ಮಾಲಕ್ರ, ರೊಟ್ಟಿ ಹಂಚಿನ ಮ್ಯಾಲ ಐತಿ."

ಗುರಪ್ಪ ತಡೆದ. ಕರೆಂಟು ಬರುವ ಹೊತ್ತು ಹತ್ತಿರವಾಗುತ್ತಿತ್ತು, ಕಾಲು ಬದಲಿಸಿ ಬದಲಿಸಿ ನಿಂತ. ಒಳಗೆ ಗೋಡೆಯ ಗೂಡಿನಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ. ಅವುಗಳ ಮುಂದೆ ಹಾಸಿದ ಬಟ್ಟೆಯ ಮೇಲೆ ಮೂರು ಬಿಳಿ ಫ್ಯೂಜುಗಳನ್ನು ಸಾಲಾಗಿ ಇಟ್ಟದ್ದು ಹೊರಗಿನಿಂದಲೇ ಕಾಣುತ್ತಿತ್ತು. ಸೋನಾಬಾಯಿ ರೊಟ್ಟಿ ಇಳಿಸಿ, ಕೈ ತೊಳೆದು, ಅವನ್ನು ಎತ್ತಿಕೊಂಡು ಬಂದಳು. ಇನ್ನೊಂದು ಕೈಯಲ್ಲಿ ತಂಬಿಗೆಯಿತ್ತು. ಮನೆ ಬಾಗಿಲಿಗೆ ಬಂದವರಿಗೆ ನೀರು ಕೊಡದೆ ಕಳಿಸುವವರು ಆ ಸೀಮೆಯಲ್ಲಿ ಯಾರಿದ್ದಾರೆ?

ಗುರಪ್ಪ ಫ್ಯೂಜು ಇಸಿದುಕೊಂಡ. ತಂಬಿಗೆ ನೋಡಿದ.

"ನಿಮ್ಮ ಬಾವೀವ ಅದಾವ್ರಿ" ಎಂದಳು ಸೋನಾಬಾಯಿ.

ಚನ್ನವ್ವ ಬುಟ್ಟಿ ಹೊತ್ತವಳು ಹಾಗೇ ನಿಂತಳು. ನಿಂತದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗುರಪ್ಪ ಫ್ಯೂಜುಗಳನ್ನು ಅಂಗಿಯ ಜೇಬಿಗೆ ಹಾಕಿ, ತಂಬಿಗೆ ತೆಗೆದುಕೊಂಡು, ಎತ್ತಿ ಗಟಗಟ ಕುಡಿದ. ಮೀಸೆ ಒರೆಸಿಕೊಂಡ. ತಂಬಿಗೆ ತಿರುಗಿ ಕೊಡುವಾಗ ಅದರ ತಳ ನೋಡಿದ.

"ತಿಳಿ ಅದಾವ ನೋಡು" ಎಂದ, ಅರ್ಧ ತನಗೆ, ಅರ್ಧ ಅವಳಿಗೆ. ಆಮೇಲೆ ಕರೆಂಟು ನೆನಪಾಗಿ ತೋಟದ ಕಡೆ ಓಡಿದ.

ಚನ್ನವ್ವ ಬುಟ್ಟಿಯನ್ನು ತಿಪ್ಪೆಗೆ ಸುರಿದು ಮನೆಗೆ ಬಂದಳು. ಹಂಡೆಯಲ್ಲಿ ನೀರು ಕಾಯ್ದಿತ್ತು. ಕುಪ್ಪಸದ ತೋಳು ಮೇಲೆ ಏರಿಸಿ, ಕಾಲು ಚಾಚಿ ಕೂತು, ಕೂಸನ್ನು ತಾ ಎಂದು ಮಗಳನ್ನು ಕೂಗಿದಳು.